ಸುಲ್ತಾನರ ಪಾಠ, ಚಾವಡಿಯ ಬೀಗ

ಹೋದ ತಿಂಗಳು ಮೂಡಲಗಿ ಕಡೆಯ ಹೈಸ್ಕೂಲಿನ ಹೊಸ ಶಿಕ್ಷಕಿಯೊಬ್ಬಳು ಫೋನ್ ಮಾಡಿದಳು. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಬಹಮನಿ ಮತ್ತು ಆದಿಲಶಾಹಿ ಸುಲ್ತಾನರ ಪಾಠ ಬಂದಿತ್ತು.

"ಸರ್, ಇದನ್ನ ಹೆಂಗ ಹೇಳಬೇಕ್ರಿ? ಬಾಜೂ ಕ್ಲಾಸಿನವರು, ಮನ್ಯಾಗ ಓದಕೊಂಡ ಬರ್ರಿ ಅಂತ ಹೇಳಿ ಮುಂದಿನ ಪಾಠಕ್ಕ ಹೋಗಿಬಿಡ ಅಂತಾರ."

ಅವಳಿಗೆ ಅರ್ಧ ಉತ್ತರ ಫೋನಿನಲ್ಲೇ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ. ಅದೇ ಫೋನಿನಲ್ಲಿ ಅವಳು ನನಗೂ ಒಂದು ಮಾತು ಹೇಳಿದಳು. ಅದು ನನ್ನ ಮರ್ಯಾದೆಯ ವಿಷಯವಾದ್ದರಿಂದ ಆದಷ್ಟು ತಡವಾಗಿ ಬರೆಯುತ್ತೇನೆ.

ನನ್ನ ಹೆಸರು ದಸ್ತಗೀರ ನಾಲಬಂದ. ಊರು ಹುಕ್ಕೇರಿ. ಅಲ್ಲಿನ ಗುಮ್ಮಟಗಳ ನೆರಳಿನಲ್ಲಿ ಗೋಲಿ ಆಡಿ ಬೆಳೆದವನು. ಮಾಸ್ತರನ ಹೆಸರು ಹೀಗಿದ್ದು ಪಾಠ ಸುಲ್ತಾನರದಾದರೆ ಏನಾಗುತ್ತದೆಂದು ನೀವೇ ಊಹಿಸಿ. ಪ್ರತಿ ವರ್ಷ ಸ್ಟಾಫ್ ರೂಮಿನಲ್ಲಿ ಯಾರಾದರೊಬ್ಬರು, "ನಾಲಬಂದ ಸರ್, ನಿಮ್ಮ ಮಂದಿ ಪಾಠ ಬಂತಲ್ರಿ" ಎನ್ನುವರು. ನಮ್ಮಜ್ಜ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು. ಸುಲ್ತಾನರಿಗೂ ನಮ್ಮ ಮನೆತನಕ್ಕೂ ನಂಟೇನಾದರೂ ಇದ್ದರೆ ಅದು ಕುದುರೆಯ ಹಿಂಗಾಲಿನ ಕಡೆಯಿಂದ, ಒದೆ ತಿನ್ನುವ ಜಾಗದಿಂದ ಎಂದು ನಾನು ಹೇಳುತ್ತಿದ್ದೆ. ನಕ್ಕು ಚಹಾ ಕುಡಿಸುತ್ತಿದ್ದರು. ನಗು ಬಾರದ ವರ್ಷಗಳೂ ಇದ್ದವು. ಅಂಥ ವರ್ಷಗಳಲ್ಲಿ ಚಹಾ ನಾನೇ ತರಿಸುತ್ತಿದ್ದೆ.

ಮೂವತ್ತೈದು ವರ್ಷದ ನೌಕರಿಯಲ್ಲಿ ಬಡ್ತಿ ಯಾವಾಗ ಸಿಕ್ಕಿತು, ಸನ್ಮಾನ ಎಲ್ಲಿ ಆಯಿತು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದರಿಂದ ಹೊಸಬರಿಗೆ ಉಪಯೋಗವಿಲ್ಲ. ನನ್ನ ತಪ್ಪುಗಳಿಂದ ಇದೆ.

ಮೊದಲ ನೌಕರಿ ಗೋಕಾಕ ಫಾಲ್ಸ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ. ಆಗ ನಾನು ಪಾಠ ಹೇಳುವ ರೀತಿ ಬಹಳ ಸುಲಭದ್ದು. ಬೋರ್ಡಿನ ಎಡಕ್ಕೆ ಇಸವಿ, ಬಲಕ್ಕೆ ಯುದ್ಧ. ನಾನು ಬರೆಯುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು, ಮಿಲ್ಲಿನ ಭೋಂಗಾ ಕೂಗಿದಾಗ ಎಲ್ಲರಿಗೂ ಎಚ್ಚರವಾಗುತ್ತಿತ್ತು. ಈಗ ಅದನ್ನೇ ಪ್ರೊಜೆಕ್ಟರಿನಲ್ಲಿ ಬಣ್ಣ ಹಚ್ಚಿ ತೋರಿಸುತ್ತಾರಂತೆ. ಕತ್ತಲೆ ಮಾಡುವುದರಿಂದ ನಿದ್ದೆ ಇನ್ನೂ ಚೆನ್ನಾಗಿ ಬರಬಹುದು.

ಒಂದು ದಿನ ಒಂಬತ್ತನೆಯ ಇಯತ್ತೆಯಲ್ಲಿ ಮಹಾದೇವಿ ಎಂಬ ಹುಡುಗಿ ಎದ್ದು ನಿಂತಳು. ಕಿರಾಣಿ ಅಂಗಡಿಯವರ ಮಗಳು. ತೂಕದಲ್ಲಿ ಮೋಸ ಹೋಗದ ಮನೆತನ.

"ಸರ್, ಸುಲ್ತಾನನ ಕಡೆಯವರು ನಮ್ಮ ಗೋಕಾಕದಾಗ ಎಷ್ಟ ಮಂದಿ ಇದ್ರು?"

"ಒಬ್ಬ ಠಾಣೇದಾರ, ಹತ್ತಿಪ್ಪತ್ತ ಕುದುರಿ ಸವಾರರು ಇದ್ದಾರು" ಎಂದೆ. ಅಂದಾಜಿನ ಮೇಲೆ ಹೊಡೆದದ್ದು.

"ಮತ್ತ ನಾವು? ಲಿಂಗಾಯತರು, ಜೈನರು, ಕುರುಬರು, ಬ್ರಾಹ್ಮಣರು, ಎಲ್ಲಾರೂ ಕೂಡಿ ಊರ ತುಂಬ ಇದ್ವಿ. ಇಪ್ಪತ್ತ ಮಂದಿ ಮುಂದ ನಾವು ಸುಮ್ಮನ ಯಾಕ ಕುಂತ್ವಿ?"

ಇಡೀ ಕ್ಲಾಸು ಎಚ್ಚರವಾಯಿತು. "ನಾಳೆ ಹೇಳ್ತೇನಿ" ಎಂದೆ. ಹೊಸ ಮಾಸ್ತರರೇ, ಈ ಎರಡು ಶಬ್ದ ನಿಮಗೂ ಬೇಕಾಗುತ್ತವೆ. ಆದರೆ ನಾಳೆ ನಿಜವಾಗಿಯೂ ಹೇಳಬೇಕಾಗುತ್ತದೆ.

ಸಂಜೆ ನಮ್ಮ ಹೆಡ್ ಮಾಸ್ತರರಾದ ಕುಲಕರ್ಣಿಯವರನ್ನು ಕೇಳಿದೆ. ಅವರು ನನ್ನನ್ನು ಮನೆಗೆ ಕರೆದೊಯ್ದು ಒಂದು ತಗಡಿನ ಪೆಟ್ಟಿಗೆಯಿಂದ ಹಳೆಯ ಕಾಗದ ತೆಗೆದರು. ಮೇಲೆ ಫಾರಸಿ ಅಕ್ಷರದ ದುಂಡು ಮೊಹರು, ಕೆಳಗೆ ಮೋಡಿ ಲಿಪಿಯ ಬರಹ.

"ನಮ್ಮ ಮುತ್ತಜ್ಜನ ಮುತ್ತಜ್ಜಂದು. ಸುಲ್ತಾನನ ಮನಶ್ಯಾ ಬಂದ. ನೀ ಯಾರು ಅಂದ. ಇಂವ ಕುಲಕರ್ಣಿ ಅಂದ. ಹಂಗಾದ್ರ ಬರಕೋತ ಕೂಡ್ರು ಅಂದ. ಮುಗೀತು."

"ಅಷ್ಟ ಏನ್ರಿ ಸರ್?"

"ಅಷ್ಟ ಅಲ್ಲೋ ಮಾರಾಯಾ, ಚಂದಗೆ ನೋಡು. ಇದರಾಗ ಹೊಸಾದೇನೂ ಕೊಟ್ಟಿಲ್ಲ. ನಮ್ಮ ಕುಲಕರ್ಣಿಕಿ ಮೊದಲ ನಮ್ಮ ಕಡೇನ ಇತ್ತು. ನಮ್ಮದನ್ನ ನಮಗ ಕೊಟ್ಟಾನ. ಆದ್ರ ಅಂದಿನಿಂದ ಕೊಟ್ಟಾಂವ ಅವ ಆದ. ನಾವು ಈ ಮೊಹರನ್ನ ಮುನ್ನೂರ ವರ್ಷದಿಂದ ಪೆಟ್ಟಿಗ್ಯಾಗ ಕಾದೇವಿ."

ಮರುದಿನ ಈ ಕಥೆ ಹೇಳಿದರೆ ಮಹಾದೇವಿ ನಂಬಲಿಲ್ಲ. ಹಾಗಾದರೆ ಆಡಿ ನೋಡೋಣ ಎಂದೆ. ಬಾಳಪ್ಪನೆಂಬ ದೈತ್ಯ ಹುಡುಗನನ್ನು ಕ್ಲಾಸಿನ ಸುಲ್ತಾನನನ್ನಾಗಿ ಮಾಡಿ ಕೈಗೆ ಬೆತ್ತ ಕೊಟ್ಟೆ. ಅವನು ಮೊದಲ ಗಂಟೆಯಲ್ಲೇ ಗಂಟೆ ಬಾರಿಸುವವನನ್ನು, ನೀರು ತುಂಬುವವನನ್ನು, ಕಿಟಕಿಯ ಬೆಂಚಿನವರನ್ನು ತೆಗೆದುಹಾಕಿ ತನ್ನ ಗೆಳೆಯರನ್ನು ಕೂಡಿಸಿದ. ಎರಡನೆಯ ದಿನ ಮಧ್ಯಾಹ್ನ ಬೆತ್ತ ಕಾಣೆಯಾಯಿತು. ಅವನ ರಾಜ್ಯ ಅಲ್ಲಿಗೆ ಮುಗಿಯಿತು.

ಮುಂದಿನ ಸುಲ್ತಾನ ಮಹಾದೇವಿ. ಅವಳು ಬೆತ್ತ ಕೇಳಲೇ ಇಲ್ಲ. ಹಳಬರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, "ಗಂಟಿ ನಿಂದ, ನೀರು ನಿಂದ, ಕಿಡಕಿ ನಿಂದ. ನಾಳೆಯಿಂದ ನನ್ನ ಒಂದ ಮಾತ ಕೇಳಿ ಮಾಡ್ರಿ, ಅಷ್ಟ" ಎಂದಳು. ಐದು ದಿನದಲ್ಲಿ ಕ್ಲಾಸಿನ ಹುಡುಗರು ನೀರು ಕುಡಿಯಲೂ ಅವಳನ್ನೇ ಕೇಳತೊಡಗಿದರು. ಮನೆಯಿಂದ ಹುರಿದ ಶೇಂಗಾ ತಂದು ಕಾಣಿಕೆ ಕೊಡುತ್ತಿದ್ದರು. ಅದರಲ್ಲಿ ಒಂದು ಮುಷ್ಟಿಯನ್ನು ಅವಳು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಪಾಲ್ರಿ ಸರ್" ಎಂದಳು. ನಾನು ತಿಂದೆ. ಬಾಯಿ ತುಂಬ ಶೇಂಗಾ ಇದ್ದಾಗಲೇ ಕುಲಕರ್ಣಿಯವರು ಒಳಗೆ ಬಂದರು.

"ನಾಲಬಂದ, ಇಲ್ಲೆ ಯಾರ ಆಳಾಕತ್ತಾರ?"

ಮಹಾದೇವಿ ಎದ್ದು ನಿಂತು, "ನಾನ್ರಿ ಸರ್" ಎಂದಳು.

ಅವರು ಅವಳನ್ನೊಮ್ಮೆ, ನನ್ನ ಉಬ್ಬಿದ ಗಲ್ಲವನ್ನೊಮ್ಮೆ ನೋಡಿ, "ಖರೆ ಐತಿ" ಎಂದು ಹೊರಟುಹೋದರು.

ಮುಂದಿನ ಜೂನಿನಲ್ಲಿ ಮಹಾದೇವಿಯ ಬೆಂಚು ಖಾಲಿ ಇತ್ತು. ಮದುವೆ ಮಾಡಿ ಕೊಟ್ಟರು ಎಂದರು. ಅಷ್ಟು ಚುರುಕಿನ ಹುಡುಗಿ ಒಂಬತ್ತಕ್ಕೇ ನಿಂತಳಲ್ಲ ಎಂದು ನನಗೆ ಬಹಳ ಕೆಟ್ಟೆನಿಸಿತು. ಅವಳ ಅಪ್ಪನ ಅಂಗಡಿಯ ಮುಂದೆ ಹೋಗಿ ಮಾತಾಡದೆ ಬರೀ ಬೆಲ್ಲ ಕೊಂಡು ಬಂದೆ. ಅದು ನನ್ನ ಮೊದಲ ದೊಡ್ಡ ತಪ್ಪು.

ಆದರೆ ಪಾಠ ಹೇಳುವ ರೀತಿ ಬದಲಾಯಿತು. ಇಸವಿಗಳನ್ನು ಹುಡುಗರಿಗೇ ಬಿಟ್ಟು ನಾನು ಊರುಗಳನ್ನು ಹಿಡಿದೆ. ಕೋಟೆ ಗೆಲ್ಲುವಾಗ ಕತ್ತಿ ಬೇಕಾಯಿತು, ಯುದ್ಧದಲ್ಲಿ ಗುಡಿಗಳೂ ಬಿದ್ದವು, ಅದನ್ನು ಮುಚ್ಚಿಡದೆ ಹೇಳಿದೆ. ಗೆದ್ದ ಮೇಲೆ ಊರು ಆಳಲು ದೇಸಾಯಿ, ಗೌಡ, ಕುಲಕರ್ಣಿ ಬೇಕಾದರು. ಮಸೀದಿಗೆ ಭೂಮಿ ಬಿಟ್ಟ ಸರಕಾರವೇ ಮಠಕ್ಕೂ ಗುಡಿಗೂ ಹಳೆಯ ಇನಾಮು ಮುಂದುವರಿಸಿ ಮೊಹರು ಒತ್ತಿತು. ಊರಿನ ಬರಹ ಊರವರ ಕೈಯಲ್ಲೇ ಉಳಿಯಿತು. ದರ್ಗಾಕ್ಕೆ ಎಲ್ಲ ಜಾತಿಯವರೂ ಸಕ್ಕರೆ ಓದಿಸಿದರು. ಇದನ್ನೂ ಹೇಳಿದೆ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಬೆವರಿದರು. ಹೊರಗೆ ಕರೆದು, "ಗುಡಿ ಕೆಡವಿದ್ದ ಹೇಳತೀರೋ, ಇನಾಮ ಕೊಟ್ಟಿದ್ದ ಹೇಳತೀರೋ? ಎರಡರಾಗ ಒಂದ ಹೇಳ್ರಿ" ಎಂದರು.

"ಎರಡೂ ಒಂದ ದರ್ಬಾರದವರ ಮಾಡಿದ್ದ್ರಿ ಸಾಹೇಬ್ರ. ಒಂದ ಹೇಳಿದ್ರ ಅರ್ಧಾ ಪಗಾರ ತಗೋಬೇಕಾಕ್ಕೈತಿ."

ವರದಿಯಲ್ಲಿ ಅವರು 'ಧ್ವನಿ ಸ್ಪಷ್ಟವಾಗಿದೆ' ಎಂದಷ್ಟೇ ಬರೆದರು.

ಇಷ್ಟೆಲ್ಲ ಇಪ್ಪತ್ತೈದು ವರ್ಷ ಪಾಠ ಮಾಡಿದವನು ತಾನೇ ಆಳುವ ಸರದಿ ಬಂದಾಗ ಏನು ಮಾಡಿದ ಎಂಬುದು ಮುಂದಿನದು. ಒಂದು ನವೆಂಬರಿನಲ್ಲಿ ನನ್ನನ್ನು ಮೂಡಲಗಿ ಹತ್ತಿರದ ಒಂದು ಹಳ್ಳಿಗೆ ಮುಖ್ಯ ಗುರುವಾಗಿ ಕಳಿಸಿದರು. ಆಗ ಮೂಡಲಗಿ ಇನ್ನೂ ತಾಲೂಕಾಗಿರಲಿಲ್ಲ. ಊರಿನ ಹೆಸರು ಬೇಡ, ಅಲ್ಲಿನವರು ಇನ್ನೂ ನನಗೆ ಮದುವೆಯ ಕಾಗದ ಕಳಿಸುತ್ತಾರೆ. ಶಾಲೆಯಲ್ಲಿ ಒಂಬತ್ತರವರೆಗೆ ಮಾತ್ರ ಇತ್ತು. ಕೋಣೆ ಸಾಲದೆ ಒಂಬತ್ತನೆಯ ಇಯತ್ತೆಯನ್ನು ಊರ ಚಾವಡಿಯಲ್ಲಿ ನಡೆಸುತ್ತಿದ್ದೆವು. ಮುಂದಿನ ಜೂನಿಗೆ ಹತ್ತನೆಯದು ತೆರೆಯಬೇಕೋ ಬೇಡವೋ ಎಂದು ನೋಡಲು ಫೆಬ್ರುವರಿಯಲ್ಲಿ ಇಲಾಖೆಯ ಸಾಹೇಬರು ಬರುವವರಿದ್ದರು. ಕೋಣೆ ಬೇಕು, ಕೋಣೆಯ ತುಂಬ ಮಕ್ಕಳು ಬೇಕು. ತೆರೆಯದಿದ್ದರೆ ಹುಡುಗರು ಸೈಕಲ್ ಹತ್ತಿ ಮೂಡಲಗಿಗೆ ಹೋಗುತ್ತಿದ್ದರು. ಹುಡುಗಿಯರನ್ನು ಯಾರೂ ಕಳಿಸುತ್ತಿರಲಿಲ್ಲ.

ನಾನು ಮೂಡಲಗಿಯಲ್ಲಿ ಕೋಣೆ ಹಿಡಿದು ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದೆ. ಜನವರಿ ಇಪ್ಪತ್ತಾರು ಬಂತು. ಆ ಊರಿನಲ್ಲಿ ಮೊಹರಂ ಇರಲಿ, ಬಸವಣ್ಣನ ಜಾತ್ರೆ ಇರಲಿ, ಎಲ್ಲವೂ ಮಾನದ ಪ್ರಕಾರ ನಡೆಯುತ್ತಿತ್ತು. ಮಾನ ಎಂದರೆ ಯಾವ ಮನೆತನ ಯಾವ ಕೆಲಸವನ್ನು ಮೊದಲು ಮಾಡಬೇಕೆಂಬ ವಂಶದ ಹಕ್ಕು. ಧ್ವಜಾರೋಹಣಕ್ಕೂ ಅದನ್ನೇ ಹಚ್ಚಿದ್ದರು. ಹಗ್ಗ ಕಟ್ಟುವುದು ತಳವಾರರ ಮನೆ, ಕಂಬಕ್ಕೆ ಕಾಯಿ ಒಡೆಯುವುದು ಗೌಡರ ಮನೆ, ಮೊದಲ ಬೂಂದಿ ಪೊಟ್ಟಣ ಮುಲ್ಲಾನ ಮನೆಗೆ. ನಾನು ಮೈಕು ಹಿಡಿದು, "ಗಣರಾಜ್ಯದಲ್ಲಿ ಎಲ್ಲರೂ ಸಮಾನರು. ಇನ್ನು ಮುಂದೆ ಯಾರ ಮಾನವೂ ಇಲ್ಲ" ಎಂದು ಸಾರಿ ಎಲ್ಲವನ್ನೂ ಮಕ್ಕಳಿಂದಲೇ ಮಾಡಿಸಿದೆ. ಚಪ್ಪಾಳೆ ಬೀಳಲಿಲ್ಲ. ಭಾಷಣ ಮನಸ್ಸಿಗೆ ತಟ್ಟಿದೆ ಎಂದುಕೊಂಡೆ.

ಮರುದಿನ ಚಾವಡಿಯ ಬಾಗಿಲಿಗೆ ಬೀಗ. ಅಲ್ಲಿ ಎಂದೂ ಬೀಗವಿರಲಿಲ್ಲ, ಬರೀ ಚಿಲಕ. ಈಗ ತೆಂಗಿನಕಾಯಿಯಷ್ಟು ದೊಡ್ಡ, ಜಂಗು ಹಿಡಿದ ಹಳೆಯ ಬೀಗ ಜೋತಾಡುತ್ತಿತ್ತು. ಮಕ್ಕಳೂ ಅರ್ಧಕ್ಕರ್ಧ ಬಂದಿರಲಿಲ್ಲ.

ಗೌಡರ ಮನೆಗೆ ಹೋದೆ. ಗೌಡರು ಎದ್ದು ನಿಂತು, "ಬರ್ರಿ ಗುರುಗಳ, ಕೂಡ್ರಿ" ಎಂದು ಚಹಾ ತರಿಸಿದರು. ಚಾವಿ ಕೇಳಿದೆ.

"ತಳವಾರನ ಕಡೆ ಇರಬೇಕ ನೋಡ್ರಿ."

ತಳವಾರ ಯಲ್ಲಪ್ಪನೂ ಚಹಾ ಕುಡಿಸಿದ. "ನಾ ಮುಲ್ಲಾಗ ಕೊಟ್ಟಂಗ ಇತ್ತಲ್ರಿ" ಎಂದ. ಮುಲ್ಲಾ ಮೌಲಾಸಾಬ ಚಹಾದ ಜೊತೆ ಖಾರಿ ಬಿಸ್ಕೀಟನ್ನೂ ಇಟ್ಟ. "ಗೌಡ್ರ ಮನ್ಯಾಗ ಮೊಳಿಗೆ ಹಾಕಿರತಾರ ಕಾಕಾ, ಮತ್ತೊಮ್ಮೆ ಕೇಳ್ರಿ" ಎಂದ. ಮಕ್ಕಳೇಕೆ ಬಂದಿಲ್ಲ ಎಂದರೆ ಮೂವರದೂ ಒಂದೇ ಮಾತು: "ಕಬ್ಬ ಕಡ್ಯಾಕತ್ತೇವ್ರಿ."

ಹನ್ನೊಂದು ದಿನ ಹೀಗೆ ಸುತ್ತಿದೆ. ಯಾರೂ ಒಂದು ಗಟ್ಟಿ ಮಾತಾಡಲಿಲ್ಲ. ಚಹಾ ಕುಡಿದು ಕುಡಿದು ಪಿತ್ತವಾಯಿತು. ಬೀಗ ಒಡೆಯಬಹುದಿತ್ತು. ಆದರೆ ಊರ ಚಾವಡಿಯ ಬೀಗವನ್ನು ಹೊರಗಿನಿಂದ ಬಂದ ಮಾಸ್ತರ, ಅದರಲ್ಲೂ ನನ್ನಂಥ ಹೆಸರಿನವನು ಒಡೆದ ಎಂದಾದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ ಎಂದು ಭಯವಾಯಿತು. ಸಾಹೇಬರು ಬರಲು ಹತ್ತೇ ದಿನ ಉಳಿದಿತ್ತು.

ಅಂದು ಗೌಡರು ಕಬ್ಬಿನ ಲಾರಿಯವನೊಡನೆ ಮಾತಾಡಲು ಹೊರಗೆ ಹೋದಾಗ ಅವರ ಸೊಸೆ ಚಹಾ ತಂದಳು. ಇಷ್ಟು ದಿನ ಯಾವುದೋ ಮಗು ತಂದಿಟ್ಟು ಹೋಗುತ್ತಿತ್ತು. ಈಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು.

"ಚಹಾದ ಕೂಡ ಶೇಂಗಾ ಕೊಡ್ಲೇನ್ರಿ ಸರ್?"

ಮಹಾದೇವಿ!

"ಒಂದ ಮಾತ ಕೇಳ್ಲೇನ್ರಿ?" ಎಂದಳು. "ಹೊಸಾ ಸುಲ್ತಾನ ಬಂದಾಂವನ ಎಲ್ಲಾರ ಮಾನ ಕಸಗೊಂಡ್ರ ಏನಾಕ್ಕೈತ್ರಿ?"

"ಬೆತ್ತ ಕಳೀತೈತಿ" ಎಂದೆ.

ಅವಳು ನಕ್ಕಳು, ಕೂಡಲೇ ನಗು ನಿಲ್ಲಿಸಿದಳು. "ನನ್ನ ಕಿರಿ ಮಗಳ ಗಂಗಾ ನಿಮ್ಮ ಸಾಲ್ಯಾಗ ಒಂಬತ್ತನೇತ್ತಾ ಅದಾಳ್ರಿ. ಹತ್ತನೇತ್ತಾ ತೆರೀಲಿಲ್ಲಂದ್ರ ಬರೋ ವರ್ಷ ವರಾ ನೋಡ್ತೇವಿ ಅಂತಾರ ನಮ್ಮ ಮಾವಾರು. ನಾ ಒಂಬತ್ತಕ್ಕ ನಿಂತಾಕಿ. ಆಕಿ ನಿಂದ್ರಬಾರದ್ರಿ ಸರ್."

ಹಿಂದೊಮ್ಮೆ ಬೆಲ್ಲ ಕೊಂಡು ಸುಮ್ಮನೆ ಬಂದದ್ದು ನೆನಪಾಗಿ ನನಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತಾಗ ಕುಲಕರ್ಣಿಯವರ ತಗಡಿನ ಪೆಟ್ಟಿಗೆಯೂ ನೆನಪಾಯಿತು.

ಮರುದಿನ ಶಾಲೆಯ ಹೆಸರಿದ್ದ ಕಾಗದದ ಮೇಲೆ ಮೂರು ಪತ್ರ ಬರೆದೆ. 'ತಮ್ಮ ಮನೆತನದ ಮಾನ ಮೊದಲಿನಂತೆಯೇ ನಡೆಯತಕ್ಕದ್ದು' ಎಂದು ಆರಂಭಿಸಿ, ಕೆಳಗೆ ಸಹಿ ಮಾಡಿ, ಶಾಲೆಯ ದುಂಡು ಮೊಹರು, ಅಂದರೆ ಶಿಕ್ಕಾವನ್ನು, ಎರಡೆರಡು ಸಲ ಒತ್ತಿದೆ. ನಡುವೆ ಒಂದು ಸಾಲು ಸೇರಿಸಿದೆ: 'ಶಾಲೆಯ ಕಾರ್ಯವಾದ್ದರಿಂದ ಈ ಮಾನವನ್ನು ಆ ಮನೆಯಿಂದ ಶಾಲೆಗೆ ಬರುವ ಹುಡುಗಿಯೇ ನಡೆಸಬೇಕು.'

ಗೌಡರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಮಾನ ನಮ್ಮದ ಐತಿ. ಈ ನಡುವಿನ ಸಾಲ ಯಾಕ್ರಿ?"

"ಮ್ಯಾಲಿನಿಂದ ಬಂದ ಪದ್ಧತಿ ಐತ್ರಿ ಗೌಡ್ರ" ಎಂದೆ. ಎಷ್ಟು ಮೇಲಿನಿಂದ, ಎಷ್ಟು ಹಿಂದಿನಿಂದ ಎಂದು ಹೇಳಲಿಲ್ಲ. ಗೌಡರು ಪತ್ರವನ್ನು ಮಡಚಿ ದೇವರ ಗೂಡಿನಲ್ಲಿ ಇಟ್ಟರು.

ಮುಲ್ಲಾ ಮೌಲಾಸಾಬನ ಮೊಮ್ಮಗಳು ರೇಷ್ಮಾ ಏಳಕ್ಕೇ ಶಾಲೆ ಬಿಟ್ಟಿದ್ದಳು. ಮೊದಲ ಪೊಟ್ಟಣ ತಪ್ಪೀತೆಂದು ಅವಳನ್ನು ಮತ್ತೆ ಕಳಿಸಿದ. ತಳವಾರ ಯಲ್ಲಪ್ಪನಿಗೆ ಮೂವರೂ ಗಂಡುಮಕ್ಕಳು. ಧುಪದಾಳದಿಂದ ತಂಗಿಯ ಮಗಳನ್ನು ಕರೆತಂದು ಮನೆಯಲ್ಲಿಟ್ಟುಕೊಂಡು ಹೆಸರು ಹಚ್ಚಿಸಿದ. ಸುದ್ದಿ ಹಬ್ಬಿತು. "ನಮ್ಮ ಮನಿಗೂ ಒಂದ ಮಾನ ಇತ್ತಂತ್ರಿ, ನಮ್ಮಜ್ಜ ಹೇಳತಿದ್ದ" ಎನ್ನುವವರು ಬರತೊಡಗಿದರು. ನಾನು ಯಾರ ಅಜ್ಜನನ್ನೂ ಅನುಮಾನಿಸಲಿಲ್ಲ. ಶಿಕ್ಕಾದ ಮಸಿ ಮುಗಿದು ಮತ್ತೊಂದು ಡಬ್ಬಿ ತರಿಸಿದೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಎಲ್ಲರೂ ಸಮಾನರು ಎಂದು ನಾನು ಮೈಕಿನಲ್ಲಿ ಹೇಳಿದ್ದು ತಪ್ಪಲ್ಲ. ಊರ ಅಂಚಿನ ಮನೆಗಳಿಗೆ ಯಾವ ಕಾಲದಲ್ಲೂ ಮಾನವಿರಲಿಲ್ಲ. ಹಿಂದಿನ ರಾಜರೂ ಕೊಡಲಿಲ್ಲ, ಸುಲ್ತಾನರೂ ಕೊಡಲಿಲ್ಲ, ಇದ್ದವರ ಮಾನಕ್ಕೇ ಮೊಹರು ಒತ್ತಿ ಆರಾಮಾಗಿ ಆಳಿದರು. ಆ ಪಾಠದಲ್ಲಿ ನನಗೆ ಸೇರದ ಭಾಗ ಅದು. ಅದಕ್ಕೆ ನಾನೇ ನಡೆದು ಹೋಗಿ ಆ ಮನೆಗಳಿಗೂ ಒಂದೊಂದು ಪತ್ರ ಕೊಟ್ಟೆ. ಧ್ವಜವನ್ನು ಪೆಟ್ಟಿಗೆಯಿಂದ ತೆಗೆದು ಕಂಬದವರೆಗೆ ತರುವ ಮಾನ ಅವರದು. ಗೌಡರು ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ಆದರೆ ಅವರ ಪತ್ರದ ಶಿಕ್ಕಾವೂ ಅದೇ ಆಗಿತ್ತು. ಒಂದನ್ನು ಸುಳ್ಳೆಂದರೆ ಇನ್ನೊಂದೂ ಸುಳ್ಳಾಗುತ್ತಿತ್ತು.

ಮೂರನೆಯ ಬೆಳಿಗ್ಗೆ ಬಂದು ನೋಡಿದರೆ ಚಾವಡಿಯ ಬಾಗಿಲು ತೆರೆದಿತ್ತು, ನೆಲ ಸಾರಿಸಿತ್ತು. ಚಾವಿ ಯಾರ ಮನೆಯಲ್ಲಿ ಸಿಕ್ಕಿತೆಂದು ನಾನು ಕೇಳಲಿಲ್ಲ. ಆಳುವವನು ಕೆಲವನ್ನು ಕೇಳಬಾರದು ಎಂದು ದೊಡ್ಡ ಜಾಣನಂತೆ ಸುಮ್ಮನಾದೆ.

ಸಾಹೇಬರು ಬಂದ ದಿನ, ಅವರೆದುರು ಧ್ವಜ ಏರಿಸಲೆಂದು, ಧ್ವಜ, ಹಗ್ಗ, ಕಾಯಿ, ಬೂಂದಿ ಪೊಟ್ಟಣ ಹಿಡಿದ ಹುಡುಗಿಯರ ಸಾಲು ಚಾವಡಿಯಿಂದ ಬಸ್ ನಿಲ್ದಾಣದವರೆಗೆ ನಿಂತಿತ್ತು. ಕಾಯಿ ಗಂಗಾಳ ಕೈಯಲ್ಲಿತ್ತು. ಒಂದೇ ಏಟಿಗೆ ಒಡೆದಳು.

"ಇದೇನ ಸಾಲಿಯೋ ಸಂಸ್ಥಾನೋ?" ಎಂದು ಸಾಹೇಬರು ನಕ್ಕರು.

"ಹತ್ತನೇತ್ತಾರಿ ಸಾಹೇಬ್ರ" ಎಂದೆ.

ಜೂನಿನಲ್ಲಿ ಹತ್ತನೆಯದು ತೆರೆಯಿತು. ಗಂಗಾ ಪಾಸಾದಳು. ಆಮೇಲೆ ಮೂಡಲಗಿಗೂ ಹೋದಳು, ಬೆಳಗಾವಿಗೂ ಹೋದಳು. ಹೋದ ತಿಂಗಳು ಫೋನ್ ಮಾಡಿ ಸುಲ್ತಾನರ ಪಾಠ ಹೇಗೆ ಹೇಳಲಿ ಎಂದು ಕೇಳಿದ ಹೊಸ ಶಿಕ್ಷಕಿ ಅವಳೇ.

ಇನ್ನು ನನ್ನ ಮರ್ಯಾದೆಯ ವಿಷಯ. ನಾನು ಚಾವಡಿಯ ಕಥೆ ತೆಗೆದು, ಸುಲ್ತಾನನ ಉಪಾಯದಿಂದ ಊರನ್ನು ಗೆದ್ದೆನೆಂದು ಜಂಬದಿಂದ ಹೇಳುತ್ತಿದ್ದೆ. ಅತ್ತ ಗಂಗಾ ಮುಸಿಮುಸಿ ನಗತೊಡಗಿದಳು.

"ಸರ್, ಆ ಕೀಲಿಗೆ ಚಾವೀನ ಇದ್ದಿದ್ದಿಲ್ಲಂತ್ರಿ. ನಮ್ಮ ಅಟ್ಟದ ಮ್ಯಾಲಿನ ಕೆಟ್ಟ ಕೀಲಿ. ನಸುಕಿನ್ಯಾಗ ನಮ್ಮವ್ವನ ಹೋಗಿ ಚಿಲಕಕ್ಕ ಸಿಗಸಿ ಬಂದಿದ್ಲಂತ. ಒಮ್ಮೆ ಜಗ್ಗಿದ್ರ ಕೈಯಾಗ ಬರತಿತ್ತಂತ. ತಗದದ್ದೂ ಅವ್ವನ."

"ಮತ್ತ ಗೌಡ್ರು, ಯಲ್ಲಪ್ಪ, ಮುಲ್ಲಾ?"

"ಊರ ಚಾವಡಿ ಚಾವಿ ನಮಗ ಗೊತ್ತಿಲ್ಲ ಅಂದ್ರ ಅವರ ಮಾನ ಹೋಗೂದಿಲ್ಲೇನ್ರಿ? ಅದಕ್ಕ ಒಬ್ಬರ ಮ್ಯಾಲ ಒಬ್ಬರು ಹೇಳ್ಯಾರ. ಅವ್ವ ಅಂತಾಳ, ಸರ್ ಬಂದ ಮೂರ ತಿಂಗಳಾದ್ರೂ ಯಾರ ಹೊಚ್ಚಲಾನೂ ತುಳದಿದ್ದಿಲ್ಲ, ಕೀಲಿ ಹಾಕಿದ್ದಕ್ಕ ಮನಿಮನಿ ತಿರಗಿದ್ರು ಅಂತ."

ಹನ್ನೊಂದು ದಿನ ಎಷ್ಟು ಚಹಾ ಕುಡಿದೆನೆಂದು ಲೆಕ್ಕ ಹಾಕಿದೆ. ಬೆತ್ತವಿಲ್ಲದೆ ಆಳುವುದನ್ನು ಕಲಿತವಳು ನನ್ನ ಕ್ಲಾಸಿನಲ್ಲಿ ಒಬ್ಬಳೇ ಇದ್ದಳು, ಅವಳು ನನ್ನನ್ನೇ ಆಳಿದ್ದಳು. ಬಹಳ ಹೊತ್ತು ಫೋನು ಹಿಡಿದು ನಕ್ಕೆ. ಕಣ್ಣಲ್ಲಿ ನೀರೂ ಬಂತು.

"ನಿಮ್ಮವ್ವಗ ಹೇಳು, ಅಕಿ ಪ್ರಶ್ನಿಗೆ ಉತ್ತರ ಸಿಕ್ಕೈತಿ ಅಂತ. ಸುಲ್ತಾನನ ಮುಂದ ಯಾರೂ ಸುಮ್ಮನ ಕುಂತಿದ್ದಿಲ್ಲ. ನಾಳೆ ಕ್ಲಾಸಿನ್ಯಾಗ ನೀನೂ ಅದನ್ನ ಹೇಳು."

ಫೋನು 'ಸ್ಪೀಕರ್'ನಲ್ಲಿತ್ತೆಂದು ಕಾಣುತ್ತದೆ. ಹಿಂದಿನಿಂದ, ಅಡುಗೆಮನೆಯ ಪಾತ್ರೆಗಳ ಸದ್ದಿನ ನಡುವೆ, ನನಗೆ ಚೆನ್ನಾಗಿ ಪರಿಚಯವಿದ್ದ ಧ್ವನಿ ಬಂತು.

"ಅಷ್ಟ ಹೇಳಾಕ ನಲವತ್ತ ವರ್ಷ ಬೇಕಾತೇನ್ರಿ ಸರ್? ನಾಳೆ ಹೇಳ್ತೇನಿ ಅಂದಿದ್ರಿ."